ಕಫ ಪರೀಕ್ಷೆಯ ಸೂಕ್ಷ್ಮದರ್ಶಕ: ಬಳಕೆ ಮತ್ತು ಪಾಲನೆ

ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಕೆಮ್ಮು ಇರುವ ಯಾವುದೇ ವ್ಯಕ್ತಿಯು ಸರ್ಕಾರಿ ಆರೋಗ್ಯ ಸಂಸ್ಥೆಯಲ್ಲಿ ಕಫ ಪರೀಕ್ಷೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದಾಗಿರುತ್ತದೆ. ಈ ಪರೀಕ್ಷೆಯಲ್ಲಿ ಬಳಸಲಾಗುವ ಮುಖ್ಯ ಉಪಕರಣಗಳಲ್ಲಿ ಒಂದು ಬೆಳಕಿನ ಸೂಕ್ಷ್ಮದರ್ಶಕ. ಇದರ ಮಸೂರದ ಮೇಲೆ ಹಳೆಯ ಎಣ್ಣೆಯು ಒಣಗಿ ಅಂಟಿಕೊಂಡಿದ್ದಲ್ಲಿ ಅಥವಾ ಬೂಷ್ಟು ಹಿಡಿದಿದ್ದಲ್ಲಿ, ಕಫದಲ್ಲಿ ರೋಗಾಣುಗಳಿದ್ದರೂ ‘ಕಂಡುಬಂದಿಲ್ಲ’ ಎಂಬ ವರದಿ ಹೊರಡುವ ಸಂಭವವಿದೆ. ಅಂತಹ ವರದಿಯನ್ನು ಹಿಡಿದು ಮನೆಗೆ ಮರಳಿದ ರೋಗಿಯು ಚಿಕಿತ್ಸೆಯಿಂದ ವಂಚಿತನಾಗುವುದಲ್ಲದೆ ಮನೆಮಂದಿಗೂ ಸೋಂಕು ಹರಡಬಲ್ಲನು. ಆದುದರಿಂದ ಸೂಕ್ಷ್ಮದರ್ಶಕದ ಪಾಲನೆಯು ಪ್ರಯೋಗಾಲಯದ ಒಳಗಿನ ವಿಷಯವೆಂದು ಭಾವಿಸಲಾಗದು. ಸಾರ್ವಜನಿಕರ ಹಾಗೂ ಪ್ರಯೋಗಶಾಲಾ ತಂತ್ರಜ್ಞರ ಮಾಹಿತಿಗಾಗಿ ಅಗತ್ಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಕ್ಷಯರೋಗಾಣುವನ್ನು ರಾಬರ್ಟ್ ಕಾಖ್ ಅವರು 1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ಪ್ರಕಟಪಡಿಸಿದರು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಮಂದಿ ಯಾರೂ ಕರೆಯದೆಯೇ ವೈದ್ಯಕೀಯ ಸಂಸ್ಥೆಗಳಿಗೆ ಬಂದಿದ್ದರೆಂಬುದು ತಿಳಿದುಬಂದಿತು. ರೋಗಿಯು ತಾನಾಗಿಯೇ ಬಾಗಿಲಿಗೆ ಬರುವನೆಂದ ಮೇಲೆ ಆ ಬಾಗಿಲಿನೊಳಗೆ ಸುಸ್ಥಿತಿಯಲ್ಲಿರುವ ಸೂಕ್ಷ್ಮದರ್ಶಕವೊಂದು ಇರಬೇಕಾದುದು ನ್ಯಾಯವೇ ಆಗಿದೆ.

ಬಳಸುವ ಕ್ರಮ

ಸೂಕ್ಷ್ಮದರ್ಶಕವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವಾಗ ಒಂದು ಕೈಯಿಂದ ತೋಳನ್ನು, ಇನ್ನೊಂದು ಕೈಯಿಂದ ತಳವನ್ನು ಹಿಡಿಯತಕ್ಕದ್ದು. ಅಲುಗಾಡದ ಮೇಜಿನ ಮೇಲೆ, ನೇರ ಬಿಸಿಲು ಬೀಳದ ಹಾಗೂ ನೀರಿನ ತೊಟ್ಟಿಯಿಂದ ದೂರವಿರುವ ಸ್ಥಳದಲ್ಲಿ ಇದನ್ನು ಇರಿಸಬೇಕು. ಕೇಂದ್ರಾಪಗಾಮಿ ಯಂತ್ರವಿರುವ ಮೇಜಿನ ಮೇಲೆ ಇರಿಸಿದಲ್ಲಿ ಕಂಪನದಿಂದ ಬಿಂಬವು ನಡುಗುತ್ತದೆ.

ಜೀಲ್-ನೀಲ್ಸನ್ ವಿಧಾನದಲ್ಲಿ ಬಣ್ಣ ಕಟ್ಟಿದ ಗಾಜಿನ ಪಟ್ಟಿಯಲ್ಲಿ ಕ್ಷಯರೋಗಾಣುಗಳು ನೀಲಿ ಹಿನ್ನೆಲೆಯ ಮೇಲೆ ಕೆಂಪು ಕಡ್ಡಿಗಳಂತೆ ತೋರುತ್ತವೆ. ಇವುಗಳ ಉದ್ದ ಕೆಲವೇ ಮೈಕ್ರೋಮೀಟರ್; ದಪ್ಪವಾದರೋ ಅರ್ಧ ಮೈಕ್ರೋಮೀಟರಿನ ಆಸುಪಾಸು. ಬೆಳಕಿನ ಸೂಕ್ಷ್ಮದರ್ಶಕವು ಬೇರ್ಪಡಿಸಿ ತೋರಿಸಬಲ್ಲ ಮಿತಿಯೇ ಸುಮಾರು 0.2 ಮೈಕ್ರೋಮೀಟರ್ ಆಗಿರುವುದರಿಂದ ಮಸೂರದ ಮೇಲಿನ ಅಲ್ಪ ಮಸುಕು ಕೂಡ ರೋಗಾಣುವನ್ನು ಮರೆಮಾಡಲು ಸಾಕು.

ಮೊದಲು 10 ಪಟ್ಟಿನ ವಸ್ತು ಮಸೂರದಲ್ಲಿ ಲೇಪನವನ್ನು ಗುರುತಿಸಿಕೊಂಡು, ಬಳಿಕ ಒಂದು ಹನಿ ಇಮ್ಮರ್ಷನ್ ಎಣ್ಣೆಯನ್ನು ಹಾಕಿ 100 ಪಟ್ಟಿನ ಮಸೂರವನ್ನು ತಿರುಗಿಸಿಕೊಳ್ಳಬೇಕು. ಎಣ್ಣೆಯ ವಕ್ರೀಭವನಾಂಕವು ಸುಮಾರು 1.515 ಇದ್ದು ಗಾಜಿಗೆ ಸಮನಾಗಿರುವುದರಿಂದ ಬೆಳಕು ಚದುರದೆ ಮಸೂರವನ್ನು ಸೇರುತ್ತದೆ. ಎಣ್ಣೆಯ ಕಡ್ಡಿಯನ್ನಾಗಲೀ ಸೀಸೆಯ ಮೂತಿಯನ್ನಾಗಲೀ ಪಟ್ಟಿಗೆ ತಾಗಿಸಕೂಡದು. ಹನಿಯು ಮೇಲಿನಿಂದ ಬೀಳಬೇಕು. ತಾಗಿದಲ್ಲಿ ಒಬ್ಬ ರೋಗಿಯ ರೋಗಾಣುಗಳು ಎಣ್ಣೆಯೊಡನೆ ಮತ್ತೊಬ್ಬರ ಪಟ್ಟಿಗೆ ಸಾಗಿ, ರೋಗವಿಲ್ಲದವರಿಗೆ ರೋಗವಿದೆಯೆಂಬ ವರದಿ ಬಂದೀತು.

ಎಣ್ಣೆ ಹಾಕಿದ ಮೇಲೆ ಒರಟು ಹೊಂದಾಣಿಕೆಯ ತಿರುಪನ್ನು ಮುಟ್ಟದೆ ಸೂಕ್ಷ್ಮ ತಿರುಪನ್ನು ಮಾತ್ರ ಬಳಸತಕ್ಕದ್ದು. ಕಂಡೆನ್ಸರನ್ನು ಮೇಲಕ್ಕೇರಿಸಿ ಐರಿಸ್ ಡಯಾಫ್ರಮನ್ನು ತೆರೆದಿರಿಸಬೇಕು. ಎಣ್ಣೆಯಿರುವಾಗ 40 ಪಟ್ಟಿನ ಮಸೂರವನ್ನು ಹಿಂದಕ್ಕೆ ತಿರುಗಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಆ ಮಸೂರವು ಎಣ್ಣೆಗಾಗಿ ತಯಾರಾದುದಲ್ಲ. ಒಮ್ಮೆ ಎಣ್ಣೆ ಹಿಡಿದರೆ ಅದರ ನೋಟ ಮಂಕಾಗುತ್ತದೆ.

ರೋಗಾಣುಗಳಿಲ್ಲವೆಂದು ವರದಿ ಮಾಡುವ ಮುನ್ನ ಕನಿಷ್ಠ 100 ದೃಷ್ಟಿಕ್ಷೇತ್ರಗಳನ್ನು ನೋಡತಕ್ಕದ್ದು. 100 ಕ್ಷೇತ್ರಗಳಲ್ಲಿ 1ರಿಂದ 9 ರೋಗಾಣುಗಳು ಕಂಡರೆ ಸಂಖ್ಯೆಯನ್ನೇ ಬರೆಯಲಾಗುತ್ತದೆ. 10ರಿಂದ 99 ಇದ್ದರೆ 1+ ಎಂದು ನಮೂದಿಸಲಾಗುತ್ತದೆ. ಒಂದು ಪಟ್ಟಿಗೆ ಹಲವು ನಿಮಿಷಗಳು ಹಿಡಿಯುತ್ತವೆ. ಕೊಠಡಿಯ ಹೊರಗೆ ಕಾಯುತ್ತಿರುವವರು ಅವಸರಪಡಿಸುವುದರಿಂದ ನಷ್ಟ ಅವರದೇ ಆಗಿರುತ್ತದೆ.

ಸ್ವಚ್ಛತೆ ಮತ್ತು ಸಂರಕ್ಷಣೆ

ದಿನದ ಕೆಲಸ ಮುಗಿದೊಡನೆ 100 ಪಟ್ಟಿನ ಮಸೂರದಿಂದ ಎಣ್ಣೆಯನ್ನು ಮಸೂರ ಕಾಗದದಿಂದ ಮೃದುವಾಗಿ ಒತ್ತಿ ತೆಗೆಯಬೇಕು. ಉಜ್ಜಬಾರದು. ಅಂಗಿಯ ತುದಿ, ಕರವಸ್ತ್ರ ಹಾಗೂ ಒರಟು ಹತ್ತಿಯ ಬಳಕೆಯನ್ನು ಸಂಪೂರ್ಣವಾಗಿ ವರ್ಜಿಸಬೇಕು. ದೇವದಾರು ಎಣ್ಣೆಯು ಒಣಗಿ ಗಟ್ಟಿಯಾಗುವ ಗುಣವುಳ್ಳದ್ದಾದ ಕಾರಣ ಕೃತಕ ಎಣ್ಣೆಯೇ ಲೇಸು. ಕ್ಸೈಲೀನ್ ದ್ರಾವಕವನ್ನು ಹೇರಳವಾಗಿ ಬಳಸಿದಲ್ಲಿ ಮಸೂರಗಳನ್ನು ಹಿಡಿದಿರುವ ಅಂಟು ಸಡಿಲಗೊಳ್ಳುತ್ತದೆ. ಧೂಳನ್ನು ಬಾಯಿಯಿಂದ ಊದಿದರೆ ಎಂಜಲಿನ ಕಣಗಳು ಮಸೂರದ ಮೇಲೆ ಕೂರುತ್ತವೆ. ಇದಕ್ಕಾಗಿ ರಬ್ಬರ್ ಊದುಬುರುಡೆಯನ್ನು ಉಪಯೋಗಿಸುವುದು.

ಕರಾವಳಿ, ಮಲೆನಾಡು ಹಾಗೂ ಕೊಡಗಿನ ಕೇಂದ್ರಗಳಲ್ಲಿ ಮಳೆಗಾಲದ ತೇವವೇ ದೊಡ್ಡ ಶತ್ರು. ಬೂಷ್ಟು ಜೇಡರ ಬಲೆಯಂತೆ ಮಸೂರದ ಒಳಗೆ ಹಬ್ಬಿ ಗಾಜಿನ ಲೇಪವನ್ನೇ ಕೊರೆದುಬಿಡುತ್ತದೆ; ಬಳಿಕ ಒರೆಸಿದರೂ ಗುರುತು ಮಾಯದು. ಉಪಕರಣದೊಡನೆ ಬಂದ ಮರದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಸುರಕ್ಷಿತವೆಂಬ ನಂಬಿಕೆ ವ್ಯಾಪಕವಾಗಿದೆಯಾದರೂ ತೇವದ ಪ್ರದೇಶಗಳಲ್ಲಿ ಅದು ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ರಾತ್ರಿ ಸಣ್ಣ ವಿದ್ಯುತ್ ದೀಪ ಉರಿಯುವ ಬೆಚ್ಚಗಿನ ಕಪಾಟಿನಲ್ಲಿ ಇರಿಸುವುದು ಉತ್ತಮ. ಸಿಲಿಕಾ ಜೆಲ್ ಬಳಸುವುದಾದರೆ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಬಳಸಬೇಕು. ನೀಲಿ ಹರಳುಗಳು ನಸುಗೆಂಪಾದಾಗ ಕಾಯಿಸಿ ಮತ್ತೆ ಬಳಸಬಹುದು. ಬಳ್ಳಾರಿ, ರಾಯಚೂರು, ಕಲಬುರಗಿಯಂತಹ ಒಣ ಹವೆಯ ಜಿಲ್ಲೆಗಳಲ್ಲಿ ಧೂಳಿನದೇ ತೊಂದರೆ ಹೆಚ್ಚು. ಅಲ್ಲಿ ಹೊದಿಕೆ ತಪ್ಪಬಾರದು.

ದೀಪವನ್ನು ಆರಿಸುವ ಮೊದಲು ಬೆಳಕಿನ ಪ್ರಮಾಣವನ್ನು ಕನಿಷ್ಠಕ್ಕಿಳಿಸಬೇಕು. ಮಸೂರಗಳನ್ನು ಬಿಚ್ಚುವ ಕೆಲಸವನ್ನು ತರಬೇತಿ ಪಡೆದ ದುರಸ್ತಿಗಾರರಿಗೇ ಬಿಡತಕ್ಕದ್ದು. ಎಲ್‌ಇಡಿ ಪ್ರತಿದೀಪ್ತಿ ಸೂಕ್ಷ್ಮದರ್ಶಕಗಳಿಗೂ ಪಾಲನೆಯ ಈ ಸೂಚನೆಗಳು ಬಹುಮಟ್ಟಿಗೆ ಅನ್ವಯಿಸುತ್ತವೆ.

ಪರೀಕ್ಷೆಗೆ ಬರುವವರ ಗಮನಕ್ಕೆ

ಉಪಕರಣವು ಎಷ್ಟೇ ಚೆನ್ನಾಗಿದ್ದರೂ ಎಂಜಲಿನಲ್ಲಿ ರೋಗಾಣು ಸಿಗುವುದು ದುರ್ಲಭ. ಬಾಯಿಯನ್ನು ನೀರಿನಿಂದ ಮುಕ್ಕಳಿಸಿ, ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಬಂದ ಕಫವನ್ನು ನೀಡಬೇಕು. ಬೆಳಗಿನ ಕಫವು ಹೆಚ್ಚು ಉಪಯುಕ್ತ. ಕಫವನ್ನು ಜನರಿಂದ ದೂರ, ಬಯಲಿನಲ್ಲಿ ನಿಂತು ತೆಗೆಯುವುದು.

ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಿದ್ದಾಗಲೇ ಸೂಕ್ಷ್ಮದರ್ಶಕದಲ್ಲಿ ಅವು ಕಾಣಸಿಗುತ್ತವೆ. ಆದ್ದರಿಂದ ರೋಗಾಣು ಕಂಡುಬಂದಿಲ್ಲವೆಂಬ ವರದಿಯ ಬಳಿಕವೂ ಕೆಮ್ಮು, ಜ್ವರ, ತೂಕದ ಇಳಿಕೆ ಮುಂದುವರಿದಲ್ಲಿ ವೈದ್ಯಾಧಿಕಾರಿಗಳನ್ನು ಪುನಃ ಕಂಡು, ಅಲ್ಪ ಸಂಖ್ಯೆಯ ರೋಗಾಣುಗಳನ್ನೂ ಪತ್ತೆಹಚ್ಚಬಲ್ಲ ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆಯ ಬಗ್ಗೆ ವಿಚಾರಿಸಬೇಕು. ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಈ ಪರೀಕ್ಷೆಗಳಿಗೂ ಶುಲ್ಕವಿರುವುದಿಲ್ಲ. ಹಿಂದಿನ ವರದಿಯ ಪ್ರತಿಯನ್ನು ಜೊತೆಗೆ ತರುವುದು.