ತೆರೆಯ ಮರೆಯ ಕೃಷ್ಣರಂಧ್ರಗಳು

1962ನೆಯ ಇಸವಿಯ ಜೂನ್ 18ರಂದು, ನಡುರಾತ್ರಿಯು ಸಮೀಪಿಸುತ್ತಿದ್ದಾಗ, ಅಮೆರಿಕೆಯ ನ್ಯೂ ಮೆಕ್ಸಿಕೊ ಪ್ರಾಂತದ ವೈಟ್ ಸ್ಯಾಂಡ್ಸ್ ಬಯಲಿನಿಂದ ಏರೋಬೀ ಎಂಬ ಜಾತಿಯ ರಾಕೆಟ್ಟೊಂದು ಮೇಲೆದ್ದಿತು. ಭೌತವಿಜ್ಞಾನಿ ಬ್ರೂನೊ ರಾಸಿಯವರ ಪ್ರೇರಣೆಯಿಂದ ರಿಕಾರ್ಡೊ ಜಕೋನಿ ಮತ್ತು ಅವರ ಸಂಗಡಿಗರು ಅದರಲ್ಲಿರಿಸಿದ್ದ ಉಪಕರಣಗಳಿಗೆ ಅಲ್ಲಿನ ವಾಯುಸೇನೆಯು ಹಣವೊದಗಿಸಿದ್ದುದು, ಸೂರ್ಯರಶ್ಮಿಯು ತಾಗಿದ ಚಂದ್ರನ ನೆಲವು ಕ್ಷ-ಕಿರಣಗಳನ್ನು ಸೂಸುವುದೋ ಇಲ್ಲವೋ ಎಂಬುದನ್ನು ಪರೀಕ್ಷಿಸುವುದಕ್ಕಾಗಿ. ನಮ್ಮ ವಾಯುಮಂಡಲವು ಈ ಕಿರಣಗಳನ್ನು ನೆಲದವರೆಗೆ ಇಳಿಯಗೊಡದ ಕಾರಣ, ಆ ಕವಚದ ಮೇಲೆ ರಾಕೆಟ್ಟು ಇದ್ದ ಆರು ನಿಮಿಷಕ್ಕೂ ಕಡಮೆಯಾದ ಕಾಲವೇ ಅವರಿಗೆ ದೊರೆತ ಸಮಸ್ತ ಅವಕಾಶ. ಚಂದ್ರನಿಂದ ಏನೂ ಕಾಣಲಿಲ್ಲ. ಆದರೆ ವೃಶ್ಚಿಕ ರಾಶಿಯ ದಿಕ್ಕಿನಲ್ಲಿ ಒಂದು ಪ್ರಖರವಾದ ಆಕರವೂ, ಅದರ ಜೊತೆಗೆ ಎಲ್ಲ ದಿಕ್ಕುಗಳಿಂದಲೂ ಸಮವಾಗಿ ಬರುತ್ತಿದ್ದ ಒಂದು ಮಂದಪ್ರಭೆಯೂ ಗೋಚರಿಸಿದವು. ಲೋಕವು ವೃಶ್ಚಿಕದ ಆಕರವನ್ನು ಕೊಂಡಾಡಿತು. ನನ್ನ ಎಣಿಕೆಯಲ್ಲಿ ಆ ರಾತ್ರಿಯ ಹಿರಿಯ ಲಾಭವು ಮಂದಪ್ರಭೆಯೇ.

ಆ ಪ್ರಭೆಯ ಮೂಲವಾವುದೆಂಬ ವಿವಾದವು ಮೂರು ದಶಕಗಳ ಕಾಲ ನಡೆಯಿತು. ವಿಶ್ವವನ್ನೆಲ್ಲ ತುಂಬಿಕೊಂಡಿರುವ ಅತ್ಯುಷ್ಣವಾದ ಅನಿಲವೇ ಅದನ್ನು ಸೂಸುತ್ತಿರಬೇಕೆಂದು ಕೆಲವರು ವಾದಿಸಿದರಾದರೂ, ಕೋಬೆ ಉಪಗ್ರಹವು 1990ರ ಹೊತ್ತಿಗೆ ಅಳೆದು ತೋರಿಸಿದ, ವಿಶ್ವದ ಹಿನ್ನೆಲೆಯ ಸೂಕ್ಷ್ಮತರಂಗಗಳ ನಿಷ್ಕಳಂಕ ರೂಪದಲ್ಲಿ ಅಂತಹ ಅನಿಲದ ಸುಳಿವೇ ಇಲ್ಲದಿದ್ದುದರಿಂದ ಆ ವಾದವು ಬಿದ್ದುಹೋಯಿತು. ಗೆಲಾಕ್ಸಿಗಳ ಕೇಂದ್ರದಲ್ಲಿ ದ್ರವ್ಯವನ್ನು ಕಬಳಿಸುತ್ತ ಬೆಳಗುವ ಮಹಾಕೃಷ್ಣರಂಧ್ರಗಳೇ ಕಾರಣವೆನ್ನೋಣವೆಂದರೆ, ಅಲ್ಲಿಯೂ ಒಂದು ತೊಡಕಿತ್ತು: ಕಣ್ಣಿಗೆ ಬಿದ್ದಿದ್ದ ಅಂತಹ ಉಜ್ಜ್ವಲ ಕೇಂದ್ರಗಳಾದ ಕ್ವೇಸಾರ್‌ಗಳ ಬೆಳಕನ್ನೆಲ್ಲ ಕೂಡಿದರೂ ಅದರಲ್ಲಿ ಕಡಮೆ ಶಕ್ತಿಯ ಮೃದುಕಿರಣಗಳ ಪಾಲೇ ಹೆಚ್ಚಾಗುವುದು, ಪ್ರಭೆಯ ಶಿಖರವಾದರೋ 30 ಸಾವಿರ ಎಲೆಕ್ಟ್ರಾನ್ ವೋಲ್ಟಿನಷ್ಟು ಕಠಿಣಶಕ್ತಿಯಲ್ಲಿದೆ. ಸೆಟ್ಟಿ ಮತ್ತು ವೋಲ್ಟಿಯರ್ ಎಂಬವರು 1989ರಲ್ಲಿ ಇದಕ್ಕೆ ಸಮಾಧಾನ ಹೇಳಿದರು. ಬಹುಪಾಲು ಕೃಷ್ಣರಂಧ್ರಗಳು ಅನಿಲ ಮತ್ತು ಧೂಳಿನ ದಟ್ಟವಾದ ತೆರೆಯ ಹಿಂದಿವೆ. ಆ ತೆರೆಯು ಗೋಚರಪ್ರಕಾಶವನ್ನೂ ಮೃದು ಕ್ಷ-ಕಿರಣಗಳನ್ನೂ ಹೀರಿಕೊಂಡು, ಕಠಿಣವಾದವನ್ನು ಮಾತ್ರ, ಜರಡಿಯು ತರಿಯನ್ನು ಉಳಿಸಿಕೊಳ್ಳುವಂತೆ, ಉಳಿಸುತ್ತದೆ.

ತೆರೆಯ ಕಲ್ಪನೆಯು ನಿರಾಧಾರವಾದುದಾಗಿರಲಿಲ್ಲ. ಉಜ್ಜ್ವಲ ಕೇಂದ್ರಗಳುಳ್ಳ ಗೆಲಾಕ್ಸಿಗಳನ್ನು ಕಾರ್ಲ್ ಸೀಫರ್ಟ್ 1943ರಷ್ಟು ಹಿಂದೆಯೇ ವರ್ಣಿಸಿದ್ದರು. ಅವುಗಳಲ್ಲಿ ಒಂದಾದ, ತಿಮಿಂಗಿಲ ಪುಂಜದ ಎಂ 77ರ ವರ್ಣಪಟಲದಲ್ಲಿ ಕೃಷ್ಣರಂಧ್ರದ ಸಮೀಪದ ವೇಗವಾದ ಅನಿಲವು ಕೊಡಬೇಕಾದ ಅಗಲವಾದ ರೇಖೆಗಳು ಕಾಣುತ್ತಿರಲಿಲ್ಲ. 1985ರಲ್ಲಿ ಆಂಟೊನುಚಿ ಮತ್ತು ಮಿಲ್ಲರ್ ಅದರ ಧ್ರುವೀಕೃತ ಬೆಳಕನ್ನು ಮಾತ್ರ ಬೇರ್ಪಡಿಸಿ ನೋಡಲು, ಆ ರೇಖೆಗಳು ಅಲ್ಲಿದ್ದುವು! ನೇರವಾಗಿ ಬರಲಾರದ ಬೆಳಕು ತೆರೆಯ ಮೇಲಣ ಎಲೆಕ್ಟ್ರಾನುಗಳಿಗೆ ತಾಗಿ ಚದರಿ ನಮ್ಮೆಡೆಗೆ ಬಂದಿತ್ತು. ಇಂತಹ ಗೆಲಾಕ್ಸಿಗಳ ಕ್ಷ-ಕಿರಣಗಳಲ್ಲಿ ಕಬ್ಬಿಣದ ಪರಮಾಣುಗಳು 6.4 ಸಾವಿರ ಎಲೆಕ್ಟ್ರಾನ್ ವೋಲ್ಟಿನಲ್ಲಿ ಬರೆಯುವ ಎದ್ದುಕಾಣುವ ರೇಖೆಯೂ ತೆರೆಯ ಇರವಿಗೆ ಸಾಕ್ಷಿಯಾಗಿದೆ.

ಉಪಕರಣಗಳ ಕಥೆಯನ್ನು ಸಂಕ್ಷೇಪಿಸುವೆನು. 1970ರಲ್ಲಿ ಕೆನ್ಯದ ಕರಾವಳಿಯಿಂದ ಉಹುರು ಎಂಬ ಕ್ಷ-ಕಿರಣ ಉಪಗ್ರಹವು ಹಾರಿತು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಉಡುಪಿಯ ಕಡೆಯವರಾದ ಯು. ಆರ್. ರಾಯರ ನೇತೃತ್ವದಲ್ಲಿ ಸಿದ್ಧವಾಗಿ 1975ರಲ್ಲಿ ಮೇಲೇರಿದ ಆರ್ಯಭಟ ಉಪಗ್ರಹವೂ ಕ್ಷ-ಕಿರಣದ ಉಪಕರಣವೊಂದನ್ನು ಹೊತ್ತಿತ್ತೆಂಬುದನ್ನು ನಮ್ಮಲ್ಲಿ ಹಲವರು ಮರೆತಿದ್ದಾರೆ. 1999ರಲ್ಲಿ ಹಾರಿದ ಚಂದ್ರಾ ದೂರದರ್ಶಕವು ದಕ್ಷಿಣಾಕಾಶದ ಒಂದು ಸಣ್ಣ ತುಣುಕನ್ನು ಒಟ್ಟು 70 ಲಕ್ಷ ಸೆಕೆಂಡು ದಿಟ್ಟಿಸಿ ಸುಮಾರು ಸಾವಿರ ಆಕರಗಳನ್ನು ಎಣಿಸಿತು. ಹೀಗೆ ಮೃದುಪ್ರಭೆಯ ಬಹುಭಾಗವು ಬಿಡಿ ಚುಕ್ಕಿಗಳಾಗಿ ಒಡೆಯಿತು. ಆದರೆ ಅತ್ಯಂತ ದಪ್ಪನಾದ ತೆರೆಗಳನ್ನು ಭೇದಿಸಲು ಚಂದ್ರಾ ಹಿಡಿಯುವ ಕಿರಣಗಳೂ ಸಾಲವು. ಕಠಿಣಕಿರಣಗಳಾದರೋ ಕನ್ನಡಿಯ ಮೇಲೆ ತೀರ ಓರೆಯಾಗಿ ಜಾರಿದರಷ್ಟೇ ಬಾಗಿ ದೂರದಲ್ಲಿ ಒಂದೆಡೆ ಕೂಡುವುದರಿಂದ, 2012ರ ನೂಸ್ಟಾರ್ ಉಪಗ್ರಹವು ಕಕ್ಷೆಯನ್ನು ಸೇರಿದ ಬಳಿಕ 10 ಮೀಟರು ಉದ್ದದ ತೋಳನ್ನು ಚಾಚಿ ಕನ್ನಡಿಗಳನ್ನು ದೂರ ನಿಲ್ಲಿಸಿಕೊಳ್ಳಬೇಕಾಯಿತು. 2014ರ ಆಗಸ್ಟಿನಲ್ಲಿ ಎಂ 77ರ ಕಠಿಣಪ್ರಭೆಯು ತಾತ್ಕಾಲಿಕವಾಗಿ ಹೆಚ್ಚಿದುದನ್ನು ಅದು ಕಂಡಿತು. ಮೋಡವೊಂದು ಸರಿದು ತೆರೆಯು ತುಸು ತೆಳುವಾಯಿತೆಂದು ವಿದ್ವಾಂಸರು ಅರ್ಥಮಾಡಿದರು. ತೆರೆಯು ಒಂದು ಗಟ್ಟಿಗೋಡೆಯಲ್ಲ, ಮೋಡಗಳ ಗುಂಪು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಮಾಣವು ಬೇಕಿಲ್ಲ.

ಇಷ್ಟಾದರೂ ಲೆಕ್ಕವು ಪೂರ್ತಿಯಾಗಿಲ್ಲ. 8ರಿಂದ 24 ಸಾವಿರ ಎಲೆಕ್ಟ್ರಾನ್ ವೋಲ್ಟಿನ ನಡುವಣ ಪ್ರಭೆಯಲ್ಲಿ ನೂಸ್ಟಾರ್ ಬಿಡಿ ಆಕರಗಳಾಗಿ ಬೇರ್ಪಡಿಸಿದುದು ಸುಮಾರು ಮೂರನೆಯ ಒಂದು ಪಾಲು ಮಾತ್ರ.