ಪ್ರೊಸೆಸರಿಗೊಂದು ಒಪ್ಪೋಲೆ

ನಾನು ಗಣಿತ ಬೋಧಿಸುತ್ತಿದ್ದ ಕಾಲದಲ್ಲಿ ಒಬ್ಬ ಹುಡುಗ ಬಡ್ಡಿಯ ಲೆಕ್ಕವೊಂದನ್ನು ಮೂರು ಸಲ ಮಾಡಿ ತಂದ. ಮೂರು ಸಲವೂ ಅವನ ಉತ್ತರ ಪಠ್ಯಪುಸ್ತಕದ ಕೊನೆಯಲ್ಲಿ ಅಚ್ಚಾಗಿದ್ದ ಉತ್ತರಕ್ಕೆ ಹೊಂದಲಿಲ್ಲ; ಮೂರು ಸಲವೂ ನಾನು ಅವನನ್ನೇ ಗದರಿದೆ. ರಾತ್ರಿ ಮನೆಯಲ್ಲಿ ಕುಳಿತು ಬಿಡಿಸಿದಾಗ ತಿಳಿಯಿತು, ತಪ್ಪು ಅಚ್ಚಿನದು. ಗಣಕಯಂತ್ರಗಳ ಚರಿತ್ರೆಯಲ್ಲಿ ಮ್ಯಾಟ್ ಡಿಲನ್ ಅವರ ಪ್ರಸಂಗವನ್ನು ಓದಿದಾಗಲೆಲ್ಲ ಆ ಹುಡುಗ ನೆನಪಾಗುತ್ತಾನೆ. (ಇದೇ ಹೆಸರಿನ ಹಾಲಿವುಡ್ ನಟರೊಬ್ಬರಿದ್ದಾರೆ, ಇವರು ಅವರಲ್ಲ.)

ಡಿಲನ್ ಅಮೆರಿಕದ ತಂತ್ರಾಂಶ ತಜ್ಞರು. ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್ ಪರಂಪರೆಗೆ ಸೇರಿದ ಫ್ರೀಬಿಎಸ್‌ಡಿಯಿಂದ ಕವಲೊಡೆದು, 2003ರಲ್ಲಿ ಡ್ರ್ಯಾಗನ್‌ಫ್ಲೈ ಬಿಎಸ್‌ಡಿ ಎಂಬ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಆರಂಭಿಸಿದವರು. 2011ರಲ್ಲಿ ಅವರಿಗೊಂದು ವಿಚಿತ್ರ ಕಾಟ ಅಂಟಿಕೊಂಡಿತು. ಎಎಮ್‌ಡಿ ಪ್ರೊಸೆಸರುಗಳಿದ್ದ ಯಂತ್ರಗಳಲ್ಲಿ ಜಿಸಿಸಿ ಎಂಬ ಕಂಪೈಲರ್ ಎಂದಾದರೊಮ್ಮೆ ಅರ್ಧದಲ್ಲೇ ಕುಸಿದು ಬೀಳುತ್ತಿತ್ತು. ಅದೇ ಕೆಲಸವನ್ನು ಮತ್ತೆ ಒಪ್ಪಿಸಿದರೆ ಏನೂ ಆಗದಂತೆ ಮುಗಿಸಿಕೊಡುತ್ತಿತ್ತು!

ಇಂಥಲ್ಲಿ ಮೊದಲ ಸಂಶಯ ಕರ್ನಲ್ ಮೇಲೆ. ಪ್ರೋಗ್ರಾಮುಗಳಿಗೆ ಸ್ಮೃತಿಯನ್ನು ಹಂಚಿಕೊಡುವುದು ವ್ಯವಸ್ಥೆಯ ಈ ತಿರುಳೇ. ಅದನ್ನು ಬರೆದವರಲ್ಲಿ ಪ್ರಮುಖರು ಸ್ವತಃ ಡಿಲನ್. ಹಾಗಾಗಿ ಅವರು ತಮ್ಮ ಬರಹವನ್ನೇ ತಿಂಗಳುಗಟ್ಟಲೆ ಶೋಧಿಸಿದರು. ಪ್ರೊಸೆಸರನ್ನು ದೂರುವುದು ಸುಲಭದ ಮಾತಲ್ಲ; ಹಾಗೆ ದೂರಿದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಕೊನೆಗೆ ತಮ್ಮ ತಪ್ಪನ್ನೇ ಕಂಡುಕೊಂಡು ನಾಚಿರುತ್ತಾರೆ ಎಂದು ನನ್ನ ಊಹೆ.

ರಿಜಿಸ್ಟರ್ ಎಂದೊಡನೆ ನನ್ನಂಥ ಮೇಷ್ಟರಿಗೆ ಹಾಜರಿ ಪುಸ್ತಕವೇ ಕಣ್ಣಮುಂದೆ ಬರುತ್ತದೆ. ಪ್ರೊಸೆಸರಿನೊಳಗಿನ ರಿಜಿಸ್ಟರ್ ಬೇರೆ; ಕೆಲಸದ ನಡುವೆ ಒಂದು ಸಂಖ್ಯೆಯನ್ನು ತತ್ಕಾಲಕ್ಕೆ ಇಟ್ಟುಕೊಳ್ಳುವ ಪುಟ್ಟ ತಾಣವದು. ಅವುಗಳಲ್ಲಿ ಒಂದರ ಹೆಸರು ಸ್ಟ್ಯಾಕ್ ಪಾಯಿಂಟರ್. ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿಟ್ಟ ನೋಟ್‌ಬುಕ್ಕುಗಳನ್ನು ನೆನೆಯಿರಿ. ಪ್ರೋಗ್ರಾಮು ನಡುವೆ ಬೇರೊಂದು ಕೆಲಸಕ್ಕೆ ಹೋಗುವಾಗ ಕೈಯಲ್ಲಿದ್ದ ಸಂಖ್ಯೆಗಳನ್ನೂ ಮರಳಬೇಕಾದ ವಿಳಾಸವನ್ನೂ ಹೀಗೆ ಪೇರಿಸಿಡುತ್ತದೆ. ಬಂದಮೇಲೆ ಮೇಲಿನಿಂದ ಒಂದೊಂದಾಗಿ ತೆಗೆದುಕೊಳ್ಳುತ್ತದೆ. ರಾಶಿಯ ತುದಿ ಎಲ್ಲಿದೆಯೆಂದು ತೋರಿಸುವುದು ಆ ರಿಜಿಸ್ಟರ್. ಅದು ತಪ್ಪಿ ತೋರಿಸಿತೋ, ಪ್ರೋಗ್ರಾಮು ಪರರ ಮನೆಯ ಬಾಗಿಲು ತಟ್ಟುತ್ತದೆ.

ಆಗುತ್ತಿದ್ದುದು ಅದೇ. ರಾಶಿಯಿಂದ ತೆಗೆಯುವ ಆಜ್ಞೆಗಳು ಬೆನ್ನುಬೆನ್ನಿಗೆ ಬಂದು, ಒಡನೆಯೇ ಮರಳುವ ಆಜ್ಞೆ ಬಂದಾಗ, ಅತಿ ವಿರಳ ಸನ್ನಿವೇಶವೊಂದರಲ್ಲಿ ಪ್ರೊಸೆಸರು ಸ್ಟ್ಯಾಕ್ ಪಾಯಿಂಟರನ್ನು ತಪ್ಪಾಗಿ ತಿದ್ದುತ್ತಿತ್ತು. ಆಜ್ಞೆಗಳ ಜೋಡಣೆ ತುಸು ಬದಲಾದರೂ ದೋಷ ಮಾಯ. 1994ರಲ್ಲಿ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವರು ಇಂಟೆಲ್‌ನ ಪೆಂಟಿಯಂ ಭಾಗಾಕಾರದಲ್ಲಿ ಎಡವುವುದನ್ನು ಪತ್ತೆಹಚ್ಚಿದ್ದರಷ್ಟೆ? ಆ ದೋಷಕ್ಕೆ ಒಂದು ಸದ್ಗುಣವಿತ್ತು: ಅದೇ ಲೆಕ್ಕಕ್ಕೆ ಪ್ರತಿ ಸಲವೂ ಅದೇ ತಪ್ಪು ಉತ್ತರ. ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದಿತ್ತು. ಡಿಲನ್ ಅವರ ಕಳ್ಳನಾದರೋ ನೋಡಲು ಹೋದರೆ ಅಡಗುವವನು.

ಅವರು ಪಟ್ಟುಬಿಡದೆ ಕಂಪೈಲರಿನ ಒಂದೇ ಒಂದು ಭಾಗದವರೆಗೆ ಜಾಡು ಹಿಡಿದು ಹೋಗಿ, ಬೇರೆ ಮಾದರಿಯ ಎಎಮ್‌ಡಿ ಪ್ರೊಸೆಸರಿನಲ್ಲೂ ಅದನ್ನು ಕಂಡ ಮೇಲೆ ಕಂಪನಿಯ ಮುಂದಿಟ್ಟರು. 2012ರ ಮಾರ್ಚಿಯಲ್ಲಿ ಎಎಮ್‌ಡಿ ದೋಷವನ್ನು ಒಪ್ಪಿಕೊಂಡಿತು. ಹಳೆಯ ಪುಸ್ತಕಗಳ ಕೊನೆಯಲ್ಲಿ ಒಪ್ಪೋಲೆ ಇರುತ್ತಿತ್ತಲ್ಲ, ಪ್ರೊಸೆಸರುಗಳಿಗೂ ತಯಾರಕರು ಅಂಥದ್ದೊಂದು ಪಟ್ಟಿಯನ್ನು ಪ್ರಕಟಿಸುತ್ತಾರೆ. ಅದರಲ್ಲಿ ಇದು 721ನೆಯ ದೋಷವಾಗಿ ಸೇರಿತು. ಪರಿಹಾರ ಮಾತ್ರ ಚಿಕ್ಕದು: ಯಂತ್ರ ಚಾಲೂ ಆಗುವಾಗ ಪ್ರೊಸೆಸರಿನ ಮತ್ತೊಂದು ವಿಶೇಷ ರಿಜಿಸ್ಟರಿನಲ್ಲಿ ಒಂದೇ ಒಂದು ಬಿಟ್ಟನ್ನು 1 ಮಾಡಬೇಕು.

ನಮ್ಮ ಬಡ್ಡಿಯ ಲೆಕ್ಕಕ್ಕೆ ಒಪ್ಪೋಲೆ ಬರಲೇ ಇಲ್ಲ. ಮರುದಿನ ಆ ಹುಡುಗನನ್ನು ಕರೆದು, ಎಲ್ಲರ ಪುಸ್ತಕದಲ್ಲೂ ಉತ್ತರವನ್ನು ಅವನ ಕೈಯಿಂದಲೇ ತಿದ್ದಿಸಿದೆ. ಆ ಪುಸ್ತಕ ಬದಲಾಗುವವರೆಗೂ ಪ್ರತಿ ಜೂನ್ ತಿಂಗಳಲ್ಲಿ ಆ ಕೆಲಸ ನನ್ನದಾಗಿತ್ತು.