ಭೂಭರ್ತಿ ಮಾಲಿನ್ಯದ ಭೂಭೌತ ಸಮೀಕ್ಷೆ

ಕಸ ತುಂಬಿದ ಭೂಭರ್ತಿಯಿಂದ ಸೋರಿದ ಕೊಳಕು ಅಂತರ್ಜಲದಲ್ಲಿ ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ನೆಲ ಅಗೆಯದೆ ಅಂದಾಜಿಸುವ ವಿಧಾನ. ಕಸದೊಳಗೆ ಇಳಿದ ಮಳೆನೀರು ಕ್ಲೋರೈಡ್, ಸೋಡಿಯಂ, ಅಮೋನಿಯಂ ಮುಂತಾದವನ್ನು ಕರಗಿಸಿಕೊಂಡು ಲೀಚೇಟ್ ಎಂಬ ಕಪ್ಪು ದ್ರವವಾಗುತ್ತದೆ. ಲವಣ ಹೆಚ್ಚಿದಷ್ಟೂ ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದರಿಂದ, ಲೀಚೇಟ್ ಬೆರೆತ ನೆಲದ ರೋಧಶೀಲತೆ, ಅಂದರೆ ವಿದ್ಯುತ್ತನ್ನು ತಡೆಯುವ ಗುಣ, ಸುತ್ತಲಿನ ನೆಲಕ್ಕಿಂತ ತಗ್ಗಿರುತ್ತದೆ. ಸಮೀಕ್ಷೆ ಹುಡುಕುವುದು ಈ ತಗ್ಗನ್ನು.

ಅದನ್ನು ಅಳೆಯುವ ಉಪಕರಣ ಹುಟ್ಟಿದ್ದು ಕಸಕ್ಕಾಗಿ ಅಲ್ಲ. 1912ರಲ್ಲಿ ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ ನೆಲದೊಳಗಿನ ಅದಿರು, ಬಂಡೆಗಳನ್ನು ಅರಿಯಲು ಮಣ್ಣಿಗೆ ವಿದ್ಯುತ್ ಹರಿಸಿ ನೋಡಿದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಫ್ರಾಂಕ್ ವೆನ್ನರ್ ಸಮಾನ ಅಂತರದಲ್ಲಿ ನಾಲ್ಕು ಸರಳು ನೆಟ್ಟು ಅಳೆಯುವ ಕ್ರಮವನ್ನು ವಿವರಿಸಿದರು: ಹೊರಗಿನ ಎರಡರಿಂದ ವಿದ್ಯುತ್, ಒಳಗಿನ ಎರಡರ ನಡುವೆ ವೋಲ್ಟೇಜ್. ಸರಳುಗಳನ್ನು ದೂರ ಸರಿಸಿದಂತೆಲ್ಲ ಇನ್ನಷ್ಟು ಆಳದ ಸುಳಿವು ಸಿಗುತ್ತದೆ. ಕೊಳವೆಬಾವಿಗೆ ಪಾಯಿಂಟ್ ನೋಡಲು ಬಂದ ಭೂವಿಜ್ಞಾನಿ ತಂತಿ ಎಳೆದು ಸರಳು ನೆಡುವುದನ್ನು ಕಂಡ ನಮ್ಮ ರೈತರಿಗೆ ಈ ತತ್ತ್ವ ಅಪರಿಚಿತವಲ್ಲ.

1968ರಲ್ಲಿ ಸಂಶೋಧಕರಾದ ಕಾರ್ಟ್‌ರೈಟ್ ಮತ್ತು ಮೆಕೊಮಾಸ್ ಅಮೆರಿಕದ ಇಲಿನಾಯ್ ರಾಜ್ಯದ ಭೂಭರ್ತಿಗಳ ಸುತ್ತ ರೋಧಶೀಲತೆ ಅಳೆದು ನಡೆಸಿದ ಸಮೀಕ್ಷೆಯನ್ನು 'ಗ್ರೌಂಡ್ ವಾಟರ್' ಪತ್ರಿಕೆಯಲ್ಲಿ ಪ್ರಕಟಿಸಿದರು. 1975ರಲ್ಲಿ ಅದೇ ಪತ್ರಿಕೆ ಒಂದು ಲೇಖನದಲ್ಲಿ ಈ ವಿಧಾನವನ್ನು ಮಾಲಿನ್ಯ ಗುರುತಿಸುವ ದಾರಿಯೆಂದು ಮುಂದಿಟ್ಟಿತು, ಇನ್ನೊಂದರಲ್ಲಿ ಅದರ ಮಿತಿಗಳನ್ನು ಎತ್ತಿ ತೋರಿತು. ಮಿತಿ ಸಣ್ಣದಲ್ಲ. ಜೇಡಿಮಣ್ಣು ಕೂಡ ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುತ್ತದೆ. ಮಾಪಕದ ಮುಂದೆ ಜೇಡಿಯೂ ಲೀಚೇಟೂ ಒಂದೇ ಬಣ್ಣ.

ಕೆನಡಾದ ಬೋರ್ಡನ್ ಸೇನಾನೆಲೆಯ ಭೂಭರ್ತಿ ಈ ವಿದ್ಯೆಗೆ ಪಾಠಶಾಲೆಯಾಯಿತು. 1940ರಿಂದ 1976ರವರೆಗೆ ಕಸ ಸುರಿದ ಆ ಜಾಗದ ಕೆಳಗಿದ್ದದ್ದು ಮರಳಿನ ಜಲಪದರ. ಲೀಚೇಟ್ ಅದರೊಳಗೆ ಸುಮಾರು 700 ಮೀಟರ್ ಸಾಗಿತ್ತು. ವಾಟರ್‌ಲೂ ವಿಶ್ವವಿದ್ಯಾಲಯದವರು ಅಲ್ಲಿ ಹಲವು ಆಳಗಳಿಂದ ನೀರಿನ ಮಾದರಿ ತೆಗೆದಿದ್ದರು; ಸಂಶೋಧಕರಾದ ಗ್ರೀನ್‌ಹೌಸ್ ಮತ್ತು ಹ್ಯಾರಿಸ್ ಅಲ್ಲಿನ ರೋಧಶೀಲತೆಯ ಸಮೀಕ್ಷೆಗಳನ್ನು 1983ರಲ್ಲಿ ಪ್ರಕಟಿಸಿದರು. ಮಾಪಕ ಹೇಳಿದ್ದನ್ನು ಬಾವಿಯ ನೀರಿನೊಂದಿಗೆ ಒರೆಗೆ ಹಚ್ಚಲು ಸಾಧ್ಯವಾದದ್ದೇ ಬೋರ್ಡನ್‌ನ ದೊಡ್ಡ ಹೆಗ್ಗಳಿಕೆ.

ಸರಳು ನೆಡದೆಯೇ, ಹೊತ್ತು ನಡೆಯುತ್ತ ನೆಲದ ವಿದ್ಯುತ್ ವಾಹಕತೆ ಅಳೆಯುವ ವಿದ್ಯುತ್ಕಾಂತೀಯ ಉಪಕರಣಗಳು ಅಷ್ಟರಲ್ಲಿ ಬಳಕೆಗೆ ಬಂದಿದ್ದವು. ಜಿಯೋನಿಕ್ಸ್ ಕಂಪನಿಯ ಇಎಂ31 ಸುಮಾರು 6 ಮೀಟರ್ ಆಳದವರೆಗೆ ಮುಟ್ಟುತ್ತದೆ. 1990ರ ದಶಕದಲ್ಲಿ ಹತ್ತಾರು ಎಲೆಕ್ಟ್ರೋಡುಗಳನ್ನು ಸಾಲಾಗಿ ನೆಟ್ಟು, ಕಂಪ್ಯೂಟರಿನಿಂದ ನೆಲದ ಸೀಳುಚಿತ್ರ ಬಿಡಿಸುವ ಟೊಮೊಗ್ರಫಿ ಬೆಳೆಯಿತು; ಲೋಕ್ ಮತ್ತು ಬಾರ್ಕರ್ 1996ರಲ್ಲಿ ಕೊಟ್ಟ ಗಣನಕ್ರಮ ಅದನ್ನು ಎಲ್ಲರ ಕೈಗೆಟುಕುವಂತೆ ಮಾಡಿತು.

ಆದರೆ ಮಾಪಕಕ್ಕೆ ಕಾಣುವುದು ಲವಣ, ವಿಷವಲ್ಲ. ಉಪ್ಪಿಲ್ಲದೆ ಬಂದ ಕೈಗಾರಿಕಾ ದ್ರಾವಕ ಅದರ ಕಣ್ಣು ತಪ್ಪಿಸಿ ಸಾಗಬಲ್ಲದು. ನೆಲದ ಬಗೆಯೂ ಮುಖ್ಯ. 2012ರಲ್ಲಿ ಕಸ ಸುರಿಯುವುದು ನಿಂತ ಬೆಂಗಳೂರಿನ ಮಾವಳ್ಳಿಪುರದಂಥ ಕಡೆ ಅಡಿಯಲ್ಲಿರುವುದು ಮರಳಲ್ಲ, ಗಟ್ಟಿ ಬಂಡೆ. ನೀರು ಅದರ ಬಿರುಕು ಹಿಡಿದು ಹರಿಯುತ್ತದೆ. ಬಿರುಕು ತಪ್ಪಿದ ಸಮೀಕ್ಷಾ ಸಾಲಿಗೆ ಪಕ್ಕದಲ್ಲೇ ಇರುವ ಕೊಳವೆಬಾವಿಯ ಮಾಲಿನ್ಯವೂ ಕಾಣದೆ ಹೋಗಬಹುದು.